ಕಾರ್ತಿಕದ ಕೆರೆಮೀನುಗಾರಿಕೆಗೆ ಸಲಕರಣೆಗಳ ಸಿದ್ಧತೆ

ಭಾದ್ರಪದ, ಆಶ್ವಯುಜಗಳ ಮಳೆಯಿಂದ ಹೊಸಕೋಟೆಯ ದೊಡ್ಡಕೆರೆಯಂತಹ ಜಲಾಶಯಗಳಿಗೆ ನೀರು ಬಂದ ತರುವಾಯ, ಕಾರ್ತಿಕದಲ್ಲಿ ಬಲೆ ಬಿಡುವವರು ಹೊರಡುವ ಮುನ್ನವೇ ತಮ್ಮ ಸಾಮಾನುಗಳನ್ನು ಪರೀಕ್ಷಿಸಿ ಅಣಿಮಾಡಿಕೊಳ್ಳತಕ್ಕದ್ದು. ದಡದಲ್ಲಿ ಮರೆತ ವಸ್ತುವು ನಡುಗೆರೆಯಲ್ಲಿ ದೊರೆಯಲಾರದು.

ಮೊದಲನೆಯದು ಪ್ರಾಣರಕ್ಷಣೆ. ಈಜು ಬಲ್ಲವನೂ ಬಲೆಗೆ ಕಾಲು ಸಿಕ್ಕಿದರೆ ಮುಳುಗುವನು. ಆದಕಾರಣ ತೇಲುವ ಕವಚವನ್ನೂ ಒರೆಯುಳ್ಳ ಹರಿತವಾದ ಚೂರಿಯನ್ನೂ ಗಂಟಿನೊಳಗೆ ಕಟ್ಟದೆ ಪ್ರತಿಯೊಬ್ಬನೂ ಮೈಮೇಲೆಯೇ ಧರಿಸಬೇಕು.

ಎರಡನೆಯದು ಬಲೆ. ನೈಲಾನ್ ನೂಲು ನೀರಿನಲ್ಲಿ ಕೊಳೆಯದಾದರೂ ಬಿಸಿಲಿಗೆ ಸತ್ವಗೆಡುವುದು. ಬಲೆಯನ್ನು ತೊಳೆದು, ನೆರಳಿನಲ್ಲಿ ಆರಿಸಿ, ಹರಿದ ಕಣ್ಣುಗಳನ್ನು ಸರಿಪಡಿಸಿ, ಬೆಂಡುಗಳು ಒಂದು ಕಡೆಗೂ ಸೀಸದ ಗುಂಡುಗಳು ಮತ್ತೊಂದು ಕಡೆಗೂ ಬರುವಂತೆ ಮಡಿಸಿ, ಇಲಿ ನುಗ್ಗದ ಡಬ್ಬಿಯಲ್ಲಿಡಬೇಕು. ಕೆಟ್ಟ ಬಲೆಯನ್ನು ಕೆರೆಯಲ್ಲಿ ಬಿಟ್ಟು ಬರಕೂಡದು. ಅದು ವರ್ಷಗಟ್ಟಲೆ ಅಲ್ಲಿಯೇ ಉಳಿದು, ಹಿಡಿಯುವವರಿಲ್ಲದೆಯೇ ಮೀನುಗಳನ್ನು ಕೊಲ್ಲುತ್ತಿರುವುದು.

ಮೂರನೆಯದು ಮಂಜುಗಡ್ಡೆ. 10 ಕಿಲೋ ಕಾಟ್ಲಾ ಅಥವಾ ರೋಹು ಮೀನಿಗೆ 10 ಕಿಲೋ ಪುಡಿಮಾಡಿದ ಮಂಜುಗಡ್ಡೆ ಬೇಕು. ಪೆಟ್ಟಿಗೆಯಲ್ಲಿ ಒಂದು ಪದರ ಮಂಜು, ಒಂದು ಪದರ ಮೀನು, ಮೇಲ್ಗಡೆ ಮತ್ತೆ ಮಂಜು. ಕರಗಿದ ನೀರು ಹರಿದುಹೋಗಲು ತಳದಲ್ಲಿ ರಂಧ್ರವಿರಬೇಕು. ಮಂಜಿಲ್ಲದೆ ಸಂತೆಗೆ ಒಯ್ದ ಮೀನು ದಾರಿಯಲ್ಲಿಯೇ ಕೆಡುವುದರಿಂದ, ರಾತ್ರಿಯೆಲ್ಲ ಪಟ್ಟ ಶ್ರಮವು ವ್ಯರ್ಥವಾಗುವುದು.

ಈ ಮೂರನ್ನೂ ಹಿಂದಿನ ಸಂಜೆಯೇ ಎಣಿಸಿ ಇಟ್ಟುಕೊಳ್ಳುವುದು ಉತ್ತಮ.