ವೈನು ಉಸಿರಾಡುವುದೆ?

ಫ್ರಾನ್ಸ್, ಇಟಲಿ, ಪೋರ್ಚುಗಲ್ ಮೊದಲಾದ ದೇಶಗಳಲ್ಲಿ ಊಟದ ಜೊತೆಗೆ ವೈನನ್ನು, ಎಂದರೆ ದ್ರಾಕ್ಷಾಮದ್ಯವನ್ನು, ಸೇವಿಸುವ ಪದ್ಧತಿ ಪುರಾತನವಾದುದು. ಕೆಂಪು ವೈನಿನ ಸೀಸೆಯ ಬಿರಡೆಯನ್ನು ಊಟಕ್ಕೆ ಒಂದು ಗಂಟೆ ಮೊದಲೇ ತೆಗೆದಿಟ್ಟರೆ ಅದು ‘ಉಸಿರಾಡಿ’ ಮೃದುವಾಗುವುದೆಂಬ ಮಾತು ಅಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ಕೆಲವರು ಅದನ್ನು ಅಗಲವಾದ ಗಾಜಿನ ಹೂಜಿಗೆ ಬಗ್ಗಿಸಿಡುವರು. ಅಗ್ಗದ ವೈನಿಗೂ ಹೀಗೆ ಗಾಳಿಯೂಡಿದರೆ ಅದು ಬೆಲೆಬಾಳುವ ವೈನಿಗೆ ಸಮನಾಗುವುದೆಂದು ಹೇಳಿ, ನಾನಾ ಬಗೆಯ ನಳಿಕೆಗಳನ್ನೂ ಹೂಜಿಗಳನ್ನೂ ಮಾರುವ ವ್ಯಾಪಾರವೂ ಬೆಳೆದಿದೆ. ನಂದಿಬೆಟ್ಟದ ಸುತ್ತಮುತ್ತ ವೈನಿಗೆಂದೇ ದ್ರಾಕ್ಷಿ ಬೆಳೆಯುವ ತೋಟಗಳು ಎದ್ದಿರುವುದರಿಂದ, ಈ ಮಾತು ನಮ್ಮ ನಾಡಿನಲ್ಲಿಯೂ ಕೇಳಿಬರುತ್ತಿದೆ.

ಇದರಲ್ಲಿ ನಿಜವೆಷ್ಟು, ನಂಬಿಕೆಯೆಷ್ಟು? ಇದನ್ನು ತೀರ್ಮಾನಿಸಲು ರುಚಿಯಲ್ಲಿ ನುರಿತವರ ಅಪ್ಪಣೆ ಬೇಕಾಗಿಲ್ಲ. ಕಾಲೇಜಿನ ಭೌತಶಾಸ್ತ್ರದ ಎರಡು ನಿಯಮಗಳೂ ಸಂಭವನೀಯತೆಯ ಒಂದು ಸಣ್ಣ ಲೆಕ್ಕವೂ ಸಾಕು.

ಮೊದಲಿಗೊಂದು ಮಾತು. ವಿದ್ಯಾರ್ಥಿಗಳು ವೈನನ್ನು ಸೇವಿಸಲೆಂಬುದು ನಮ್ಮ ಉದ್ದೇಶವಲ್ಲ. ಮದ್ಯಸಾರವು ದೇಹಕ್ಕೆ ಹಾನಿಕರ. ಎಳೆಯರಿಗೆ ಅದನ್ನು ಮಾರುವುದನ್ನು ಕಾನೂನೂ ನಿಷೇಧಿಸಿದೆ. ವಿದ್ಯಾರ್ಥಿಗಳು ಮಾಡಬೇಕೆಂದು ಮುಂದೆ ಸೂಚಿಸಿರುವ ಪ್ರಯೋಗಗಳಿಗೆ ಒಂದು ತೊಟ್ಟು ವೈನೂ ಬೇಕಾಗಿಲ್ಲ.

ಗಸಿ ಮತ್ತು ತಿಳಿ

ಸೀಸೆಯಿಂದ ಹೂಜಿಗೆ ವೈನನ್ನು ಬಸಿಯುವುದರ ಮೊದಲ ಉದ್ದೇಶಕ್ಕೂ ಗಾಳಿಗೂ ಸಂಬಂಧವಿಲ್ಲ. ಬೆಂದ ಬೇಳೆಯ ಕಟ್ಟನ್ನು ನಮ್ಮ ಅಡಿಗೆಮನೆಗಳಲ್ಲಿ ಹೇಗೆ ಮೆಲ್ಲನೆ ಬಸಿದುಕೊಳ್ಳುವರೋ ಇದೂ ಹಾಗೆಯೇ: ತಿಳಿ ಬೇಕು, ಗಸಿ ಬೇಡ. ಬೋರ್ಡೋ ಪ್ರಾಂತದ ಹಳೆಯ ಕೆಂಪು ವೈನುಗಳಲ್ಲಿಯೂ ಪೋರ್ಚುಗಲಿನ ಪೋರ್ಟ್ ವೈನಿನ ಕೆಲವು ಬಗೆಗಳಲ್ಲಿಯೂ ವರ್ಷಗಳು ಕಳೆದಂತೆ ಬಣ್ಣದ ದ್ರವ್ಯವೂ ಟ್ಯಾನಿನ್ ಎಂಬ ಒಗರು ದ್ರವ್ಯವೂ ಕೂಡಿಕೊಂಡು ತಳಕ್ಕಿಳಿಯುವುವು. ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳೂ ಅವುಗಳೊಡನೆ ಸೇರುವುವು. ಈ ಗಸಿಯಿಂದ ಅಪಾಯವಿಲ್ಲ. ಆದರೆ ಬಾಯಿಗೆ ಕಹಿ, ನಾಲಗೆಗೆ ಮರಳು.

ದ್ರವದಲ್ಲಿ ಸಣ್ಣ ಗೋಳವೊಂದು ಇಳಿಯುವ ವೇಗದ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ೧೮೫೧ರಲ್ಲಿ ಪ್ರಕಟಿಸಿದನು. ಆ ವೇಗವು ಗೋಳದ ತ್ರಿಜ್ಯದ ವರ್ಗಕ್ಕೂ, ಗೋಳದ ಮತ್ತು ದ್ರವದ ಸಾಂದ್ರತೆಗಳ ವ್ಯತ್ಯಾಸಕ್ಕೂ ಅನುಪಾತದಲ್ಲಿರುವುದು. ದ್ರವದ ಸ್ನಿಗ್ಧತೆಗೆ ವಿಲೋಮಾನುಪಾತದಲ್ಲಿರುವುದು. ವೈನಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು ಒಂದೂವರೆ ಪಾಲು ಹೆಚ್ಚು. ಗಸಿಯ ಕಣದ ವ್ಯಾಸ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲೆಂದೂ, ಸಾಂದ್ರತೆಯ ವ್ಯತ್ಯಾಸ ಘನ ಸೆಂಟಿಮೀಟರಿಗೆ ೦.೩ ಗ್ರಾಮೆಂದೂ ಭಾವಿಸಿಕೊಳ್ಳೋಣ. ಆಗ ಅದರ ವೇಗ ಸೆಕೆಂಡಿಗೆ ಸುಮಾರು ೦.೦೧ ಮಿಲಿಮೀಟರ್ ಎಂದು ಲೆಕ್ಕಕ್ಕೆ ಬರುವುದು. ನೆಟ್ಟಗೆ ನಿಲ್ಲಿಸಿದ ಸೀಸೆಯಲ್ಲಿ ೨೦ ಸೆಂಟಿಮೀಟರ್ ಇಳಿಯಲು ಆ ಕಣಕ್ಕೆ ಸುಮಾರು ಐದೂವರೆ ಗಂಟೆ ಬೇಕು. ವ್ಯಾಸ ಇದರ ಐದನೆಯ ಒಂದು ಪಾಲಾದರೆ ಕಾಲ ಇಪ್ಪತ್ತೈದು ಪಟ್ಟು ಬೆಳೆದು ಸುಮಾರು ಆರು ದಿನಗಳಾಗುವುದು.

ಮಲಗಿಸಿಟ್ಟಿದ್ದ ಹಳೆಯ ಸೀಸೆಯನ್ನು ಒಂದೆರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಬೇಕೆಂಬ ಹಿರಿಯರ ಕಟ್ಟಳೆಯ ಅರ್ಥ ಈಗ ತಿಳಿಯಿತಷ್ಟೆ. ಬಗ್ಗಿಸುವಾಗ ಸೀಸೆಯ ಕೊರಳ ಹಿಂದೆ ಮೇಣದ ಬತ್ತಿ ಹಚ್ಚಿಟ್ಟು, ಗಸಿ ಹೆಗಲಿನವರೆಗೆ ಬರುತ್ತಲೇ ಕೈ ನಿಲ್ಲಿಸುವ ರೂಢಿಯೂ ಸಾರ್ಥಕವಾದುದೇ. ಒಮ್ಮೆ ಕುಲುಕಿದರೆ ಆರು ದಿನಗಳ ಕೆಲಸ ಆರು ಸೆಕೆಂಡುಗಳಲ್ಲಿ ಹಾಳಾಗುವುದು. ಆದರೆ ಇಂದು ದಿನಬಳಕೆಗೆ ಮಾರುವ ಅಗ್ಗದ ವೈನುಗಳನ್ನು ಬಹುಮಟ್ಟಿಗೆ ಸೋಸಿಯೇ ಸೀಸೆಗೆ ತುಂಬುವರು. ಅವು ಒಂದೆರಡು ವರ್ಷಗಳೊಳಗೆ ಬಳಸತಕ್ಕವು. ಅವುಗಳಲ್ಲಿ ಗಸಿಯೇ ಇಲ್ಲವಾದುದರಿಂದ ಬಸಿಯುವ ಮೊದಲನೆಯ ಕಾರಣ ಅವುಗಳಿಗೆ ಸಲ್ಲದು. ಉಳಿದುದು ಗಾಳಿಯ ವಿಷಯ.

ಸೀಸೆಯ ಕೊರಳು

ತೆರೆದಿಟ್ಟ ಸೀಸೆಯಲ್ಲಿ ಗಾಳಿಗೂ ವೈನಿಗೂ ಸ್ಪರ್ಶವಿರುವುದು ಕೊರಳಿನಲ್ಲಿ ಮಾತ್ರ. ಕೊರಳಿನ ಒಳವ್ಯಾಸ ಸುಮಾರು ೨ ಸೆಂಟಿಮೀಟರ್. ಆದುದರಿಂದ ಮೇಲ್ಮೈಯ ವಿಸ್ತೀರ್ಣ ಸುಮಾರು ೩ ಚದರ ಸೆಂಟಿಮೀಟರ್. ಅದರ ಕೆಳಗೆ ೭೫೦ ಮಿಲಿಲೀಟರ್ ವೈನು ಒಂದು ಗೇಣಿಗೂ ಹೆಚ್ಚು ಆಳಕ್ಕೆ ನಿಂತಿರುವುದು. ನಿಂತ ದ್ರವದಲ್ಲಿ ಆಮ್ಲಜನಕದ ಅಣುಗಳು ಅತ್ತಿತ್ತ ಡಿಕ್ಕಿ ಹೊಡೆಯುತ್ತ, ದಾರಿ ತಪ್ಪುತ್ತ ಮುಂದೆ ಸಾಗಬೇಕು. ಈ ಕ್ರಿಯೆಗೆ ವಿಸರಣವೆಂದು ಹೆಸರು. ಅದರ ನಿಯಮವನ್ನು ಅಡಾಲ್ಫ್ ಫಿಕ್ ೧೮೫೫ರಲ್ಲಿ ನಿರೂಪಿಸಿದನು. ವಿಸರಣದ ವಿಶೇಷವೆಂದರೆ, ಹೋಗಬೇಕಾದ ದೂರ ಇಮ್ಮಡಿಯಾದರೆ ಕಾಲ ನಾಲ್ಕು ಪಟ್ಟಾಗುವುದು.

ನೀರಿನಲ್ಲಿ ಆಮ್ಲಜನಕದ ವಿಸರಣಾಂಕ ಸೆಕೆಂಡಿಗೆ ೦.೦೦೦೦೨ ಚದರ ಸೆಂಟಿಮೀಟರ್. ವೈನಿನಲ್ಲಿ ಅದು ಇನ್ನೂ ಕಡಮೆ. ಆದರೂ ನೀರಿನ ಬೆಲೆಯನ್ನೇ ಇಟ್ಟುಕೊಳ್ಳೋಣ. ದೂರದ ವರ್ಗವನ್ನು ಈ ಅಂಕದ ಎರಡರಷ್ಟರಿಂದ ಭಾಗಿಸಿದರೆ ಕಾಲದ ಅಂದಾಜು ಸಿಗುವುದು. ಒಂದು ಸೆಂಟಿಮೀಟರ್ ದೂರಕ್ಕೆ ಅದು ೨೫,೦೦೦ ಸೆಕೆಂಡು, ಎಂದರೆ ಸುಮಾರು ಏಳು ಗಂಟೆ! ಇಪ್ಪತ್ತು ಸೆಂಟಿಮೀಟರಿಗೆ ಅದರ ನಾನೂರು ಪಟ್ಟು. ನೂರಕ್ಕೂ ಹೆಚ್ಚು ದಿನಗಳು.

ಇನ್ನೊಂದು ರೀತಿಯಲ್ಲಿಯೂ ನೋಡಬಹುದು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ವೈನು ಗಾಳಿಯಿಂದ ಸುಮಾರು ೮ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. ಒಂದು ಸೀಸೆಯ ಪಾಲು ೬ ಮಿಲಿಗ್ರಾಂ. ಫಿಕ್ಕನ ನಿಯಮದಂತೆ ಒಂದು ಗಂಟೆಯಲ್ಲಿ ಕೊರಳಿನ ಮೂಲಕ ಒಳಸೇರುವುದು ಸುಮಾರು ೦.೦೦೭ ಮಿಲಿಗ್ರಾಂ ಮಾತ್ರ. ಎಂಟುನೂರಕ್ಕೂ ಹೆಚ್ಚು ಪಾಲಿನಲ್ಲಿ ಒಂದು ಪಾಲು. ಅದೇ ವೈನನ್ನು ೨೦ ಸೆಂಟಿಮೀಟರ್ ವ್ಯಾಸದ ಹೂಜಿಯಲ್ಲಿ ಅಲುಗದಂತೆ ಇಟ್ಟರೆ ವಿಸ್ತೀರ್ಣ ನೂರು ಪಟ್ಟಾಗುವುದು. ಒಂದು ಗಂಟೆಯಲ್ಲಿ ಎಂಟನೆಯ ಒಂದು ಪಾಲು ಸೇರುವುದು. ವಾಸ್ತವದಲ್ಲಿ ಮೇಲ್ಮೈ ಆವಿಯಾಗಿ ತಣಿಯುವುದರಿಂದ ದ್ರವದಲ್ಲಿ ಮಂದವಾದ ಪ್ರವಾಹಗಳು ಹುಟ್ಟಿ ಈ ಪ್ರಮಾಣ ಸ್ವಲ್ಪ ಏರಬಹುದು. ಆದರೂ ತೀರ್ಪು ಬದಲಾಗದು: ಬಿರಡೆ ತೆಗೆದಿಟ್ಟ ಮಾತ್ರಕ್ಕೆ ವೈನು ಉಸಿರಾಡುವುದಿಲ್ಲ. ಎತ್ತರದಿಂದ ತೆಳ್ಳನೆಯ ಧಾರೆಯಾಗಿ ಸುರಿದಾಗ, ಗುಳ್ಳೆಗಳೊಡನೆ ಕಲಕಿದಾಗ, ಅಣುಗಳು ಸಾಗಬೇಕಾದ ದೂರವೇ ಮಿಲಿಮೀಟರಿಗಿಂತ ಕಡಮೆಯಾಗುವುದು. ಗಂಟೆಗಳ ಕೆಲಸ ಆಗ ಕ್ಷಣಗಳಲ್ಲಿ ಮುಗಿಯುವುದು.

ನೀಲಿ ಸೀಸೆಯ ಪ್ರಯೋಗ

ಇದನ್ನು ಕಣ್ಣಾರೆ ಕಾಣಬಯಸುವವರು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅಧ್ಯಾಪಕರ ಎದುರಿನಲ್ಲಿ, ಈ ಪ್ರಯೋಗವನ್ನು ಮಾಡಬಹುದು. ೧೦೦ ಮಿಲಿಲೀಟರ್ ನೀರಿನಲ್ಲಿ ೨ ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನೂ ೩ ಗ್ರಾಂ ಗ್ಲೂಕೋಸನ್ನೂ ಕರಗಿಸಿ, ಮೆಥಿಲೀನ್ ಬ್ಲೂ ದ್ರಾವಣದ ಕೆಲವು ಹನಿಗಳನ್ನು ಹಾಕಿ ಬಿರಡೆಯಿಡಿರಿ. ಕ್ಷಾರವು ಚರ್ಮವನ್ನೂ ಕಣ್ಣನ್ನೂ ಸುಡುವುದರಿಂದ ಕೈಗವಸೂ ರಕ್ಷಣೆಯ ಕನ್ನಡಕವೂ ಅವಶ್ಯ. ಸೀಸೆಯನ್ನು ಅಲುಗದಂತೆ ಇಟ್ಟರೆ ಕೆಲವು ನಿಮಿಷಗಳಲ್ಲಿ ನೀಲಿ ಮಾಯವಾಗುವುದು. ಗ್ಲೂಕೋಸು ಆ ಬಣ್ಣವನ್ನು ಅಪಕರ್ಷಿಸಿ ವರ್ಣರಹಿತವಾಗಿಸುವುದು. ಆಮ್ಲಜನಕ ತಗುಲಿದಲ್ಲಿ ಮಾತ್ರ ನೀಲಿ ಮರಳುವುದು. ನಿಂತ ಸೀಸೆಯಲ್ಲಿ ಮೇಲ್ಮೈಯಲ್ಲಿ ಒಂದು ತೆಳುವಾದ ನೀಲಿ ಪದರವಷ್ಟೇ ಕಾಣುವುದು. ನಾಲ್ಕು ಸಲ ಕುಲುಕಿ ನೋಡಿ, ದ್ರವವೆಲ್ಲ ನೀಲಿಯಾಗುವುದು. ವೈನಿನ ರಸಾಯನಕ್ರಿಯೆ ಬೇರೆ; ಆದರೆ ಆಮ್ಲಜನಕ ಒಳಗಿಳಿಯುವ ದಾರಿ ಇದೇ.

ಒಳಸೇರಿದ ಗಾಳಿ ಏನು ಮಾಡುವುದು?

ವೈನಿನ ಮೇಲೆ ಆಮ್ಲಜನಕದ ಪ್ರಭಾವವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಲೂಯಿ ಪಾಸ್ತರನು ಅಗ್ರಗಣ್ಯ. ಅವನು ವೈನನ್ನು ಗಾಜಿನ ನಳಿಕೆಗಳಲ್ಲಿಟ್ಟು ಬಾಯಿಯನ್ನು ಕರಗಿಸಿ ಮುಚ್ಚಿದನು. ಕೆಲವನ್ನು ಪೂರ್ತಿಯಾಗಿ ತುಂಬಿದನು, ಕೆಲವುಗಳಲ್ಲಿ ಗಾಳಿಗೆ ಜಾಗ ಬಿಟ್ಟನು. ಗಾಳಿಯಿದ್ದವುಗಳಲ್ಲಿ ಬಣ್ಣ ಬದಲಾಗಿ ಗಸಿ ಇಳಿಯಿತು. ತುಂಬಿದವು ಹೆಚ್ಚುಕಡಮೆ ಇದ್ದಂತೆಯೇ ಉಳಿದುವು. ವೈನಿನ ಬಗೆಗಿನ ಅವನ ಗ್ರಂಥ ಪ್ರಕಟವಾದುದು ೧೮೬೬ರಲ್ಲಿ.

ಆದರೆ ಪಾಸ್ತರನು ನೋಡಿದುದು ವಾರಗಳ, ತಿಂಗಳುಗಳ ಬದಲಾವಣೆಯನ್ನು ಎಂಬುದನ್ನು ಮರೆಯಬಾರದು. ಆಮ್ಲಜನಕವು ಒಗರು ದ್ರವ್ಯಗಳೊಡನೆ ನೇರವಾಗಿ ಕೂಡದು. ವೈನಿನಲ್ಲಿ ಅತ್ಯಲ್ಪವಾಗಿರುವ ಕಬ್ಬಿಣ, ತಾಮ್ರಗಳ ಅಯಾನುಗಳ ನೆರವು ಅದಕ್ಕೆ ಬೇಕು. ಕರಗಿದ ಆಮ್ಲಜನಕವೆಲ್ಲ ಹೀಗೆ ವ್ಯಯವಾಗಲು ಸಾಮಾನ್ಯವಾಗಿ ದಿನಗಳೇ ಹಿಡಿಯುವುವು. ಆದುದರಿಂದ ಒಂದು ಗಂಟೆಯೊಳಗೆ ಒಗರೆಲ್ಲ ಮೃದುವಾಯಿತೆಂಬ ಮಾತಿಗೆ ರಸಾಯನಶಾಸ್ತ್ರದ ಆಧಾರ ದುರ್ಬಲ.

ಒಂದು ಗಂಟೆಯಲ್ಲಿ ನಡೆಯಬಹುದಾದುದು ಒಳಬರುವ ಗಾಳಿಗಿಂತ ಹೆಚ್ಚಾಗಿ ಹೊರಹೋಗುವ ಆವಿಯ ಕೆಲಸ. ಕೆಲವು ವೈನುಗಳಲ್ಲಿ ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡೂ, ಉರಿದ ಬೆಂಕಿಕಡ್ಡಿಯನ್ನು ನೆನಪಿಗೆ ತರುವ ಗಂಧಕದ ಡೈಆಕ್ಸೈಡೂ ಸ್ವಲ್ಪ ಇರುವುದುಂಟು. ಲೀಟರಿಗೆ ಕೆಲವೇ ಮೈಕ್ರೊಗ್ರಾಂ ಹೈಡ್ರೊಜನ್ ಸಲ್ಫೈಡಿದ್ದರೂ ಮೂಗು ಅದನ್ನು ಹಿಡಿಯುವುದು. ಸುರಿದು ಕಲಕಿದರೆ ಇಂಥ ಅನಿಲಗಳು ತೊಲಗುವುವು. ವೈನು ನಿಜವಾಗಿಯೂ ಉತ್ತಮಗೊಂಡಂತೆ ತೋರುವುದು. ಆದರೆ ಆವಿಗೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಹಣ್ಣಿನ ಕಂಪನ್ನು ಕೊಡುವ ಎಸ್ಟರುಗಳೂ ಅದೇ ಬಾಗಿಲಿನಿಂದ ಹೊರಡುವುವು. ಈ ಕಾರಣದಿಂದಲೇ ಬೋರ್ಡೋವಿನ ಪ್ರಸಿದ್ಧ ವೈನುಶಾಸ್ತ್ರಜ್ಞ ಎಮಿಲ್ ಪೇನೊ, ಗಸಿಯಿದ್ದರೆ ಮಾತ್ರ, ಅದೂ ಬಡಿಸುವ ಹೊತ್ತಿನಲ್ಲಿ, ಬಸಿಯುವುದು ಲೇಸೆಂದು ವಾದಿಸಿದನು.

ನಾಲಗೆಯ ಸಾಕ್ಷ್ಯ

ಲೆಕ್ಕವು ಇಷ್ಟು ಹೇಳಿದರೂ ಕೊನೆಯ ಮಾತು ನಾಲಗೆಯದಲ್ಲವೇ ಎಂದು ಕೇಳಬಹುದು. ಹೌದು; ಆದರೆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸದೆ ನಂಬಲಾಗದು. ಮೊದಲನೆಯದಾಗಿ, ರುಚಿಯೆಂದು ನಾವು ಕರೆಯುವುದರಲ್ಲಿ ಬಹುಪಾಲು ವಾಸನೆ. ಮೂಗನ್ನು ಹಿಡಿದುಕೊಂಡು ಒಂದು ಏಲಕ್ಕಿಯನ್ನು ಅಗಿದು, ಬಳಿಕ ಕೈ ಬಿಟ್ಟು ನೋಡಿರಿ. ಎರಡನೆಯದಾಗಿ, ಕಣ್ಣು ಮೂಗನ್ನು ಆಳುವುದು. ಬೋರ್ಡೋ ವಿಶ್ವವಿದ್ಯಾನಿಲಯದಲ್ಲಿ ವೈನುಶಾಸ್ತ್ರವನ್ನೇ ಕಲಿಯುತ್ತಿದ್ದ ೫೪ ಮಂದಿ ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಮಾತುಗಳಿಂದಲೇ ವರ್ಣಿಸಿದರು. ಈ ಸಂಶೋಧನೆ ೨೦೦೧ರಲ್ಲಿ ಪ್ರಕಟವಾಯಿತು. ಮೂರನೆಯದಾಗಿ, ಬೆಲೆಯೂ ನಾಲಗೆಯನ್ನು ಆಳುವುದು. ಬೆಲೆಯನ್ನು ಮರೆಮಾಡಿ ಅಮೆರಿಕದಲ್ಲಿ ನಡೆಸಿದ ಆರು ಸಾವಿರಕ್ಕೂ ಹೆಚ್ಚು ಪರೀಕ್ಷೆಗಳ ಫಲಿತಾಂಶವನ್ನು ೨೦೦೮ರಲ್ಲಿ ಪ್ರಕಟಿಸಲಾಯಿತು: ವಿಶೇಷ ತರಬೇತಿಯಿಲ್ಲದ ಜನರು ಹೆಚ್ಚು ಬೆಲೆಯ ವೈನನ್ನು ಹೆಚ್ಚಾಗಿ ಮೆಚ್ಚಲಿಲ್ಲ, ಸ್ವಲ್ಪ ಕಡಮೆಯೇ ಮೆಚ್ಚಿದರು.

ಆದುದರಿಂದ ಪರೀಕ್ಷೆ ಕುರುಡಾಗಿರಬೇಕು. ಇದಕ್ಕೆ ಮೂರು ಲೋಟಗಳ ಪರೀಕ್ಷೆ ಎಂಬ ಸುಲಭವಾದ ಕ್ರಮವಿದೆ. ವಯಸ್ಕರೊಬ್ಬರು ಹೂಜಿಯ ಗುಣವನ್ನು ಅರಿಯಬಯಸಿದರೆ, ಒಂದು ಸೀಸೆ ವೈನಿನ ಅರ್ಧವನ್ನು ಸಣ್ಣ ಸೀಸೆಯೊಂದರಲ್ಲಿ ಬಾಯಿಮಟ್ಟ ತುಂಬಿ ಮುಚ್ಚಿಡಲಿ. ಉಳಿದರ್ಧವನ್ನು ಹೂಜಿಯಲ್ಲಿ ಕಲಕಿಡಲಿ. ಒಂದು ಗಂಟೆಯಾದ ಮೇಲೆ ಬೇರೊಬ್ಬರು ಎರಡು ಲೋಟಗಳಿಗೆ ಒಂದನ್ನೂ ಮೂರನೆಯದಕ್ಕೆ ಇನ್ನೊಂದನ್ನೂ ಹಾಕಿ ಮರೆಯಿಂದ ತಂದುಕೊಡಲಿ. ಎರಡರ ಉಷ್ಣತೆಯೂ ಒಂದೇ ಇರಬೇಕು. ಇಲ್ಲವಾದರೆ ನಾವು ಪರೀಕ್ಷಿಸುವುದು ಗಾಳಿಯನ್ನಲ್ಲ, ಶಾಖವನ್ನು. ನುರಿತ ಪರೀಕ್ಷಕರು ವೈನನ್ನು ಬಾಯಲ್ಲಿ ಮುಕ್ಕಳಿಸಿ ಉಗುಳುವರು. ಪ್ರಶ್ನೆ ಒಂದೇ: ಬೇರೆಯಾದ ಲೋಟ ಯಾವುದು?

ಊಹೆಯಿಂದಲೇ ಸರಿಯಾಗುವ ಸಂಭವ ಮೂರರಲ್ಲಿ ಒಂದು. ಆರು ಸಲ ಮಾಡಿದರೆ ಆರೂ ಊಹೆಯಿಂದ ಸರಿಯಾಗುವ ಸಂಭವ ೭೨೯ರಲ್ಲಿ ೧. ಐದು ಅಥವಾ ಆರು ಸರಿಯಾಗುವ ಸಂಭವ ೭೨೯ರಲ್ಲಿ ೧೩, ಎಂದರೆ ನೂರಕ್ಕೆ ಎರಡಕ್ಕಿಂತ ಕಡಮೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದಾದರೋ ಹತ್ತು ಸಲಕ್ಕೊಮ್ಮೆ ಕೇವಲ ಅದೃಷ್ಟದಿಂದಲೂ ಆಗಬಹುದು. ಅದನ್ನು ರುಜುವಾತೆಂದು ಎಣಿಸಲಾಗದು. ಐದಾರು ಸಲ ಸರಿಯಾಗಿ ಗುರುತಿಸಿದವರು ಮಾತ್ರ ಎರಡನೆಯ ಪ್ರಶ್ನೆಗೆ ಅರ್ಹರು: ಯಾವುದು ಮೇಲು? ವ್ಯತ್ಯಾಸವನ್ನೇ ಗುರುತಿಸಲಾರದವರು ಹೂಜಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಅಗ್ಗದ ಸೀಸೆಯ ಮುಂದೆ ಕುಳಿತವರು ಅದಕ್ಕಾಗಿ ನಾಚಬೇಕಾದುದೂ ಇಲ್ಲ. ನೆರೆಯವರ ಮೆಚ್ಚುಗೆಯಿಂದಾಗಲಿ ಚೀಟಿಯ ಮೇಲಿನ ಬೆಲೆಯಿಂದಾಗಲಿ ದೊರೆಯದ ನಿಶ್ಚಯವು ಅವರಿಗೆ ಮೂರು ಲೋಟಗಳಿಂದ ದೊರೆಯುವುದು.

ವಿದ್ಯಾರ್ಥಿಗಳು ಇದೇ ಪರೀಕ್ಷೆಯನ್ನು ನೀರಿನಲ್ಲಿ ಮಾಡಲಿ. ಕುದಿಸಿ ಆರಿಸಿದ ನೀರು ಸಪ್ಪೆಯೆಂದೂ, ಅದರಿಂದ ಹೊರಟುಹೋದ ಗಾಳಿ ಎರಡು ಪಾತ್ರೆಗಳ ನಡುವೆ ಎತ್ತರದಿಂದ ಸುರಿದಾಗ ಮರಳಿ ಸೇರಿ ರುಚಿ ಬರುವುದೆಂದೂ ಹೇಳುವುದುಂಟು. ನಿಮ್ಮ ನಾಲಗೆ ಇದನ್ನು ಆರರಲ್ಲಿ ಐದು ಸಲ ಗುರುತಿಸಬಲ್ಲುದೆ? ಮಾಡಿ ನೋಡಿರಿ.

ಅಭ್ಯಾಸದ ಲೆಕ್ಕಗಳು

೧. ಮೇಲೆ ಹೇಳಿದ ಗಸಿಯ ಕಣದ ವ್ಯಾಸ ಇಮ್ಮಡಿಯಾದರೆ ೨೦ ಸೆಂಟಿಮೀಟರ್ ಇಳಿಯಲು ಎಷ್ಟು ಕಾಲ ಬೇಕು?

೨. ನಿಂತ ನೀರಿನಲ್ಲಿ ೨ ಮಿಲಿಮೀಟರ್ ಆಳಕ್ಕೆ ಆಮ್ಲಜನಕ ವಿಸರಿಸಲು ಎಷ್ಟು ಕಾಲ ಬೇಕು?

೩. ಹಾಲನ್ನು ಮೊದಲು ಹಾಕಿದ ಚಹಾವನ್ನು ರುಚಿಯಿಂದಲೇ ಗುರುತಿಸಬಲ್ಲೆನೆಂಬ ಮಹಿಳೆಯೊಬ್ಬರ ಪರೀಕ್ಷೆಯನ್ನು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ತನ್ನ ೧೯೩೫ರ ಗ್ರಂಥದಲ್ಲಿ ವಿವೇಚಿಸಿದ್ದಾನೆ. ಎಂಟು ಬಟ್ಟಲುಗಳಲ್ಲಿ ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಹಾಲು ಮೊದಲು ಹಾಕಿದ ನಾಲ್ಕನ್ನೂ ಊಹೆಯಿಂದಲೇ ಸರಿಯಾಗಿ ಆರಿಸುವ ಸಂಭವವೆಷ್ಟು?

ಉತ್ತರಗಳು: ೧. ಸುಮಾರು ೧ ಗಂಟೆ ೨೩ ನಿಮಿಷ. ೨. ೧,೦೦೦ ಸೆಕೆಂಡು, ಎಂದರೆ ಸುಮಾರು ೧೭ ನಿಮಿಷ. ೩. ೭೦ರಲ್ಲಿ ೧.