ಕೆರೆ ಹೋದ ಮೇಲೆ ಕುಂಬಾರನ ಮಣ್ಣು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನೋ ಗಾದೆ ನಮಗೆಲ್ಲ ಗೊತ್ತು. ಆ ಒಂದು ವರುಷ ಕುಂಬಾರ ಏನು ಮಾಡ್ತಾನೆ ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಚಕ್ರ ತಿರುಗಿಸೋದರಲ್ಲೇ ಮುಗಿದುಹೋಗುತ್ತೆ. ಮಣ್ಣು ಎಲ್ಲಿಂದ ಬರುತ್ತೆ ಅಂತ ಯಾರೂ ಯೋಚಿಸಲ್ಲ. ಹೋದ ಗಣೇಶನ ಹಬ್ಬಕ್ಕೆ ಮೂರ್ತಿ ತರಲು ಬೆಂಗಳೂರಿನ ಪಾಟರಿ ಟೌನ್‌ಗೆ ಹೋಗುವವರೆಗೂ ನಾವೂ ಯೋಚಿಸಿರಲಿಲ್ಲ. ಅಲ್ಲಿ ಒಂದು ಮನೆ ಮುಂದೆ ಲಾರಿಯಿಂದ ಇಳಿಸಿದ ಮಣ್ಣಿನ ರಾಶಿ ಇತ್ತು. ಒಬ್ಬರು ಅಮ್ಮ ಅದರೊಳಗಿಂದ ಇಟ್ಟಿಗೆ ಚೂರು, ಗಾರೆ ಚೂರು ಆರಿಸಿ ಪಕ್ಕಕ್ಕೆ ಹಾಕ್ತಾ ಇದ್ದರು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಈ ಲೇಖನ ಶುರುವಾಗಿದ್ದು ಆ ಚೂರುಗಳಿಂದ.

ಬೆನ್ಸನ್ ಟೌನ್ ಪಕ್ಕದ ಈ ಬೀದಿಗಳಲ್ಲಿ ಕುಂಬಾರರು ತಲೆಮಾರುಗಳಿಂದ ಇದ್ದಾರೆ. ಮೆಟ್ರೋ ಪಿಂಕ್ ಲೈನ್‌ನಲ್ಲಿ ಆ ಹೆಸರಿನ ನಿಲ್ದಾಣವೇ ಇದೆ. ಹಳೇ ಪೇಟೆಯಲ್ಲಿ ಕುಂಬಾರಪೇಟೆ ಅಂತ ಬೇರೆ ಇದೆ. ಒಂದು ಊರಲ್ಲಿ ಇಷ್ಟು ಕುಂಬಾರರು ಇರಬೇಕಾದರೆ ಮಣ್ಣು ಹತ್ತಿರದಲ್ಲೇ ಸಿಗ್ತಿತ್ತು ಅಂತಲೇ ಅರ್ಥ. ಅದನ್ನು ಕೊಡ್ತಿದ್ದದ್ದು ಯಾವ ಕಂಪನಿಯೂ ಅಲ್ಲ, ಕೆರೆಗಳು. ಅವು ಏನಾದವು ಅನ್ನೋದು ಊರಿಗೇ ಗೊತ್ತಿರೋ ಕಥೆ: ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಉಳಿದ ಕೆರೆಗಳಲ್ಲಿ ಎಷ್ಟೋ ಕಡೆ ವರ್ಷಪೂರ್ತಿ ಒಳಚರಂಡಿ ನೀರು ನಿಂತಿರುತ್ತೆ, ತಳ ಒಣಗೋದೇ ಇಲ್ಲ. ಅಭಿವೃದ್ಧಿ ಮಾಡಿದ ಕೆರೆಗೆ ಬೇಲಿ, ವಾಕಿಂಗ್ ಪಾತ್, ಗೇಟು. ಬೆಳಿಗ್ಗೆ ಅಲ್ಲಿ ಜಾಗಿಂಗ್ ಮಾಡೋ ನಮಗೆ ಅದು ಖುಷಿಯ ವಿಷಯವೇ, ಸುಳ್ಳು ಹೇಳಲ್ಲ. ಆದರೆ ಗುದ್ದಲಿ ಹಿಡಿದು ಒಳಗೆ ಹೋಗೋ ಹಾಗಿಲ್ಲ.

ಮಣ್ಣು ತಾನೇ, ಬೇರೆ ಕಡೆಯಿಂದ ತರಿಸಿದರೆ ಆಯ್ತಲ್ಲ ಅಂತ ಅನ್ನಿಸಬಹುದು. ಎಡವೋದು ಇಲ್ಲೇ. ಕೆರೆ ಬರೀ ಮಣ್ಣಿನ ಗುಡ್ಡೆ ಅಲ್ಲ, ಮಣ್ಣನ್ನು ಸೋಸಿ ಕೊಡೋ ಫ್ಯಾಕ್ಟರಿ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪರೀಕ್ಷೆಗೆ ಅಂತ ಉರು ಹೊಡೆಯೋ ಸ್ಟೋಕ್ಸ್ ನಿಯಮವನ್ನು ಒಮ್ಮೆ ನೆನಪಿಸಿಕೊಳ್ಳಿ: ನಿಂತ ನೀರಿನಲ್ಲಿ ಸಣ್ಣ ಕಣ ಕೆಳಗೆ ಇಳಿಯೋ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕ ಹಾಗೆ ಇರುತ್ತೆ. ಲೆಕ್ಕ ಹಾಕಿದರೆ 60 ಮೈಕ್ರಾನ್‌ನ ಕಣ 1 ಮೀಟರ್ ಇಳಿಯೋಕೆ ಸುಮಾರು 5 ನಿಮಿಷ ಸಾಕು. ಜೇಡಿ ಅಂತ ಕರೆಯೋದು 2 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನು. 2 ಮೈಕ್ರಾನ್ ಕಣಕ್ಕೆ ಅದೇ 1 ಮೀಟರ್‌ಗೆ ಮೂರು ದಿನಕ್ಕೂ ಸ್ವಲ್ಪ ಹೆಚ್ಚು ಬೇಕು. ಮಳೆ ನೀರು ಹೊಲ, ಗುಡ್ಡದಿಂದ ಎಲ್ಲವನ್ನೂ ಎಳಕೊಂಡು ಬರುತ್ತೆ. ಮರಳು ಕೆರೆಯ ಬಾಯಲ್ಲೇ ಕೂರುತ್ತೆ, ನುಣುಪಾದ ಜೇಡಿ ನೀರು ನಿಂತ ಏರಿಯ ಕಡೆ ಹೋಗಿ ನಿಧಾನ ಇಳಿಯುತ್ತೆ. ಬೇಸಿಗೆಯಲ್ಲಿ ನೀರು ಬತ್ತಿದಾಗ ಕುಂಬಾರ ಹೋಗಿ ಬೇಕಾದ ಜಾಗದಿಂದ ಬೇಕಾದ ಪದರ ಕಡಿದು ತರ್ತಿದ್ದ. ಸೋಸಿದ್ದಕ್ಕೆ ಕೂಲಿ ಇಲ್ಲ, ಕೆರೆಗೂ ಹೂಳು ಎತ್ತಿದ ಹಾಗಾಗ್ತಿತ್ತು.

ಲಾರಿಯಲ್ಲಿ ಬರೋ ಮಣ್ಣಿಗೆ ಈ ಯಾವ ಸಂಸ್ಕಾರವೂ ಇರಲ್ಲ. ಜೆಸಿಬಿ ಐದಾರು ಅಡಿಯ ಪದರಗಳನ್ನು ಒಂದೇ ಬಕೆಟ್‌ನಲ್ಲಿ ಕಲಸಿಬಿಡುತ್ತೆ. ಇವತ್ತಿನ ಲೋಡು ಊರಾಚೆಯ ಕೆರೆಯದ್ದಾದರೆ ಮುಂದಿನದು ಯಾವುದೋ ಬೇಸ್‌ಮೆಂಟ್ ಅಗೆದದ್ದು ಇರಬಹುದು. ಕೆರೆ ಮಣ್ಣು ಕೈಗೆ ಪರಿಚಯ ಇತ್ತು, ಎಷ್ಟು ನೀರು, ಎಷ್ಟು ಮರಳು ಅಂತ ಕೇಳಬೇಕಾಗಿರಲಿಲ್ಲ. ಈಗ ಲೋಡಿಗೊಂದು ಗುಣ ಅಂತ ಅಲ್ಲಿನ ಅಜ್ಜ ಒಬ್ಬರು ನಮಗೆ ಹೇಳಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರತಿ ಲೋಡಿಗೂ ಕ್ಯಾಲಿಬ್ರೇಷನ್ ಹೊಸದಾಗಿ ಮಾಡಬೇಕು. ಮಾಡದೆ ಹೋದರೆ ತಪ್ಪು ಗೊತ್ತಾಗೋದು ಆವಿಗೆ ಬಿಚ್ಚಿದಾಗ. ಅಷ್ಟೊತ್ತಿಗೆ ತಿಂಗಳ ಕೆಲಸ, ಸೌದೆ ದುಡ್ಡು ಎರಡೂ ಹೋಗಿರುತ್ತೆ.

ಏನೇನು ಕೈಕೊಡುತ್ತೆ ನೋಡೋಣ. ಮೊದಲು ಕುಗ್ಗುವಿಕೆ. ಹಸಿ ಮಣ್ಣಿನ ಪಟ್ಟಿಯ ಮೇಲೆ 100 ಮಿಲಿಮೀಟರ್ ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಗೆರೆ 93 ಆದರೆ ಕುಗ್ಗುವಿಕೆ ನೂರಕ್ಕೆ 7. ಇನ್ನೊಂದು ಲೋಡಿನ ಮಣ್ಣು 10 ಕುಗ್ಗಿದರೆ ಈ ಮಡಕೆಗೆ ಆ ಮುಚ್ಚಳ ಕೂರಲ್ಲ. ದಪ್ಪ ತಳ, ತೆಳು ಗೋಡೆ ಇದ್ದ ಕಡೆ ಬಿರುಕೂ ಬಿಡುತ್ತೆ. ಉತ್ತರ ಕರ್ನಾಟಕದವರು ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡೋದನ್ನು ನೋಡಿರ್ತೀರಿ. ಅದರಲ್ಲಿರೋ ಮಾಂಟ್‌ಮೊರಿಲೊನೈಟ್ ನೀರು ಕುಡಿದು ಉಬ್ಬುತ್ತೆ, ಒಣಗಿದರೆ ಮುದುಡುತ್ತೆ. ಅದೊಂದರಿಂದಲೇ ಮಡಕೆ ಮಾಡೋಕೆ ಹೋದರೆ ಒಣಗೋಕೆ ಇಟ್ಟ ಕಡೆಯೇ ಸೀಳುತ್ತೆ. ಮರಳು ಬೆರೆಸಿದರೆ ಕುಗ್ಗೋದು ಇಳಿಯುತ್ತೆ, ಆದರೆ ಹೆಚ್ಚಾದರೆ ಚಕ್ರದ ಮೇಲೆ ಮಣ್ಣು ಏಳಲ್ಲ. ಆ ಹದ ಎಲ್ಲಿದೆ ಅಂತ ಹುಡುಕೋದೇ ಕೆಲಸ.

ಎರಡನೆಯದು ಆ ಅಮ್ಮ ಆರಿಸ್ತಿದ್ದ ಗಾರೆ ಚೂರು. ನಮಗೆ ಅತಿ ಮೋಸದ್ದು ಅನ್ನಿಸಿದ್ದು ಇದೇ. ಹಳೇ ಗಾರೆ, ಸುಣ್ಣಕಲ್ಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇರುತ್ತೆ. ಬೆಂಕಿಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಸುಟ್ಟ ಸುಣ್ಣ ಆಗುತ್ತೆ. ಆವಿಗೆಯಿಂದ ತೆಗೆದಾಗ ಮಡಕೆ ಚೆನ್ನಾಗೇ ಕಾಣುತ್ತೆ, ತಟ್ಟಿದರೆ ಟಣ್ ಅನ್ನುತ್ತೆ. ಆಮೇಲೆ ಆ ಸುಣ್ಣ ಗಾಳಿಯ ತೇವ ಹೀರಿ ಉಬ್ಬಿ, ಮಡಕೆಯ ಮೈಯಿಂದ ಒಂದು ಬಿಲ್ಲೆ ಹಾರಿಸುತ್ತೆ. ಕೆಲವು ದಿನ, ಕೆಲವು ವಾರ ಕಳೆದ ಮೇಲೆ, ಅಂದರೆ ಗಿರಾಕಿಯ ಮನೆಯಲ್ಲಿ. ಬೈಗುಳ ಮಾತ್ರ ಕುಂಬಾರನಿಗೆ. ಕೆಮಿಸ್ಟ್ರಿ ಲ್ಯಾಬ್‌ನ ತಿಳಿ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಹಾಕಿ ನೊರೆ ಬಂತಾ ನೋಡಿದರೆ ಇದು ಮೊದಲೇ ಗೊತ್ತಾಗುತ್ತೆ.

ಮೂರನೆಯದು ಕೊಳಚೆ ಕೆರೆಯ ಮಣ್ಣಿನದ್ದು. ಸಾವಯವ ಕಸ ಜಾಸ್ತಿ ಇರೋ ಮಣ್ಣನ್ನು ಬೇಗ ಬೇಗ ಸುಟ್ಟರೆ ಒಳಗಿನ ಇಂಗಾಲ ಪೂರ್ತಿ ಉರಿಯಲ್ಲ, ಗೋಡೆಯ ನಡುವೆ ಕಪ್ಪು ಪದರ ಉಳಿಯುತ್ತೆ. ಬೆಂಕಿಯನ್ನು ನಿಧಾನ ಏರಿಸಬೇಕು, ಅಂದರೆ ಸೌದೆ ಇನ್ನೂ ಹೆಚ್ಚು.

ಕಾನೂನು ಅಡ್ಡ ಬರ್ತಿದೆಯಾ ಅಂತಲೂ ನೋಡಿದೆವು. ಕೇಂದ್ರ ಪರಿಸರ ಸಚಿವಾಲಯ 2016ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆ, ಕುಂಬಾರರು ತಮ್ಮ ಪದ್ಧತಿಯಂತೆ ಮಡಕೆ, ಹಣತೆ, ಗೊಂಬೆಗೆ ಕೈಯಿಂದ ಮಣ್ಣು ತೆಗೆಯೋದಕ್ಕೆ ಪರಿಸರ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಒಳ್ಳೆಯದೇ. ಆದರೆ ವಿನಾಯಿತಿ ಇರೋದು ಕೈಯಿಂದ ತೆಗೆದರೆ. ಕೈಯಿಂದ ತೆಗೆಯೋ ದೂರದಲ್ಲಿ ಮಣ್ಣೇ ಇಲ್ಲದ ಬೀದಿಗೆ ಅದರಿಂದ ಏನು ಬಂತು?

ಇದೇ ಪಾಡು ಬೇರೆ ದೇಶದಲ್ಲೂ ಆಗಿದೆ, ಅವರು ಬೇರೆ ದಾರಿ ಹಿಡಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಊರಿನ ಹತ್ತಿರ ಒಂದು ಕಂದು ಜೇಡಿ ಸಿಗ್ತಿತ್ತು. ನೀರಲ್ಲಿ ಕದಡಿ ಜಾಡಿಯ ಒಳಗೆ ಬಳಿದು ಹೆಚ್ಚು ಶಾಖದಲ್ಲಿ ಸುಟ್ಟರೆ ತಾನೇ ಕರಗಿ ಗಾಜಿನಂಥ ಮೆರುಗು ಆಗ್ತಿತ್ತು. ಹತ್ತೊಂಬತ್ತನೇ ಶತಮಾನದಿಂದ ಬಳಕೆಯಲ್ಲಿದ್ದ ಈ ಆಲ್ಬನಿ ಸ್ಲಿಪ್ ಗಣಿ 1980ರ ದಶಕದಲ್ಲಿ ನಿಂತಿತು. ಆಗ ಅದರ ರಾಸಾಯನಿಕ ವಿಶ್ಲೇಷಣೆ ಇಟ್ಟುಕೊಂಡು, ಸಿಲಿಕಾ, ಅಲ್ಯೂಮಿನಾ, ಕಬ್ಬಿಣ, ಸುಣ್ಣದ ಅಂಶ ಹೊಂದುವ ಹಾಗೆ ಬೇರೆ ವಸ್ತುಗಳನ್ನು ಬೆರೆಸಿ ಬದಲಿ ತಯಾರಿಸಿದರು. ಕೆನಡಾದಲ್ಲಿ ತಯಾರಾಗುವ ಆಲ್ಬರ್ಟಾ ಸ್ಲಿಪ್ ಹಾಗೆ ಬಂದದ್ದು. ಅವರ ಹತ್ತಿರ ಹಳೇ ಮಣ್ಣಿನ ಲೆಕ್ಕ ಕಾಗದದ ಮೇಲೆ ಇತ್ತು. ನಮ್ಮ ಕೆರೆ ಮಣ್ಣಿನ ಲೆಕ್ಕ ಇರೋದು ಆ ಅಜ್ಜನ ಕೈಯಲ್ಲಿ.

ಕೆರೆಯ ಕೆಲಸವನ್ನು ತೊಟ್ಟಿಯಲ್ಲಿ ಮಾಡೋಕಾಗಲ್ವಾ? ಆಗುತ್ತೆ. ಮಣ್ಣು ನೆನೆಸಿ, ಕದಡಿ, ಒಂದೆರಡು ನಿಮಿಷ ಬಿಟ್ಟು, ಮೇಲಿನ ನೀರನ್ನು ಜರಡಿ ಮೂಲಕ ಇನ್ನೊಂದು ತೊಟ್ಟಿಗೆ ಬಗ್ಗಿಸಿದರೆ ಮರಳು, ಚೂರು ಹಿಂದೆಯೇ ಉಳಿಯುತ್ತೆ. ತೊಟ್ಟಿಯ ಆಳ 30 ಸೆಂಟಿಮೀಟರ್ ಇಟ್ಟರೆ ಮೂರು ದಿನದ ಕೆಲಸ ಒಂದು ದಿನಕ್ಕೆ ಇಳಿಯುತ್ತೆ. (ಬೋರ್‌ವೆಲ್‌ನ ಗಡಸು ನೀರಾದರೆ ಕಣಗಳು ಗಂಟು ಕಟ್ಟಿ ಇನ್ನೂ ಬೇಗ ಇಳೀತವೆ. ಸ್ಟೋಕ್ಸ್ ಸಾಹೇಬರ ಲೆಕ್ಕ ಒಂಟಿ ಕಣದ್ದು.) ಆದರೆ ಆಳ ಕಡಿಮೆ ಮಾಡಿದರೆ ಅಗಲ ಬೇಕು, ಒಣಗಿಸೋಕೆ ಬಿಸಿಲು ಬೀಳೋ ಜಾಗ ಬೇಕು, ನೀರು ಬೇಕು. ಬೈಕ್ ನಿಲ್ಲಿಸೋಕೇ ಜಾಗ ಇಲ್ಲದ ಓಣಿಯಲ್ಲಿ ಪ್ರತಿ ಮನೆಗೊಂದು ತೊಟ್ಟಿ ನಡೆಯಲ್ಲ. ಎಲ್ಲರಿಗೂ ಸೇರಿ ಊರಾಚೆ ಒಂದು ಮಾಡಿ, ಸೋಸಿದ ಮಣ್ಣನ್ನೇ ಲಾರಿಗೆ ತುಂಬಿದರೆ ನಡೆಯಬಹುದು ಅಂತ ನಮ್ಮ ಅಂದಾಜು. ಕಸಕ್ಕೂ ಬಾಡಿಗೆ ಕೊಡೋದು ಆಗ ತಪ್ಪುತ್ತೆ.

ಅಲ್ಲಿಯವರೆಗೆ ಇರೋದು ಪರೀಕ್ಷೆ. ಆದರೆ ಲಾರಿ ಡ್ರೈವರ್ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲ್ಲ, ಲೋಡ್ ಸುರಿದ ಮೇಲೆ ವಾಪಸ್ ಮಾತೇ ಇಲ್ಲ. ಆ ಹತ್ತು ನಿಮಿಷದಲ್ಲಿ ಆಗೋದು ಮೂರು: ಹನಿ ಆಸಿಡ್ ಹಾಕಿ ನೊರೆ ನೋಡೋದು, ಚಿಟಿಕೆ ಮಣ್ಣು ಬೆರಳಲ್ಲಿ ಉಜ್ಜಿ ಮರಳು ನೋಡೋದು, ಒದ್ದೆ ಮಣ್ಣನ್ನು ಪೆನ್ಸಿಲ್ ದಪ್ಪ ಹೊಸೆದು ಬೆರಳಿಗೆ ಸುತ್ತಿ ಬಿರುಕು ಬಿಡ್ತಾ ನೋಡೋದು. ಕೊನೆಯ ಎರಡನ್ನು ಅಜ್ಜ ನಮಗಿಂತ ಚೆನ್ನಾಗಿ ಮಾಡ್ತಾರೆ. ಹಾಗಾಗಿ ಮುಂದಿನ ಶನಿವಾರ ನಾವು ಒಯ್ತಿರೋದು ಆಸಿಡ್‌ನ ಸಣ್ಣ ಡ್ರಾಪರ್ ಬಾಟಲಿ, ಒಂದು ಜೊತೆ ಗ್ಲೌಸ್, ಮತ್ತೆ ಕುಗ್ಗುವಿಕೆ ಅಳೆಯೋಕೆ ಒಂದು ಸ್ಟೀಲ್ ಸ್ಕೇಲು. ಜೊತೆಗೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ಕು: ತಾರೀಖು, ಯಾವ ಊರಿನ ಮಣ್ಣು, ಎಷ್ಟು ಕುಗ್ಗಿತು, ಅಜ್ಜ ಎಷ್ಟು ಮರಳು ಬೆರೆಸಿದರು. ಬರೋರು ಗುರುವಾರದೊಳಗೆ ಹೇಳಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ.