ವಿಲಿಯಂ ಮಾರ್ಷಲ್

1152ರಲ್ಲಿ ಇಂಗ್ಲೆಂಡಿನ ದೊರೆ ಸ್ಟೀಫನ್ ನ್ಯೂಬರಿ ಕೋಟೆಯನ್ನು ಮುತ್ತಿದನು. ಕೋಟೆಯ ಒಡೆಯನಾದ ಜಾನ್ ಮಾರ್ಷಲ್ ತನ್ನ ಎಳೆಯ ಮಗ ವಿಲಿಯಮನನ್ನು ಒತ್ತೆಯಿಟ್ಟು, ಬಳಿಕ ಮಾತಿಗೆ ತಪ್ಪಿದನು. ಬಾಲಕನನ್ನು ಕೊಲ್ಲಿಸಲು ದೊರೆಗೆ ಮನಸ್ಸು ಬಾರಲಿಲ್ಲ.

ಆ ಬಾಲಕನೇ ಮುಂದೆ ಹೆಸರಾಂತ ವೀರನಾಗಿ ನಾಲ್ವರು ಅರಸರ ಸೇವೆ ಮಾಡಿದನು. ಕಿರಿಯ ಮಗನಾದ ಅವನಿಗೆ ಪಿತ್ರಾರ್ಜಿತ ಭೂಮಿ ಹೆಚ್ಚಿರಲಿಲ್ಲ. 1189ರಲ್ಲಿ ಇಸಬೆಲ್ ಡ ಕ್ಲೇರಳನ್ನು ವರಿಸಿದಾಗ ವೇಲ್ಸ್, ಐರ್ಲೆಂಡುಗಳಲ್ಲಿ ವಿಸ್ತಾರವಾದ ಭೂಮಿ ಕೈಸೇರಿತು. ಅವರಿಗೆ ಐವರು ಪುತ್ರರೂ ಐವರು ಪುತ್ರಿಯರೂ ಜನಿಸಿದರು.

1216ರಲ್ಲಿ 9 ವರ್ಷದ ಮೂರನೆಯ ಹೆನ್ರಿ ಪಟ್ಟವೇರಿದನು. ಸುಮಾರು ಎಪ್ಪತ್ತರ ವೃದ್ಧನಾದ ವಿಲಿಯಂ ರಾಜ್ಯಭಾರದ ಹೊಣೆ ಹೊತ್ತು, ಮರುವರ್ಷ ಲಿಂಕನ್ ಕದನದಲ್ಲಿ ಶತ್ರುಗಳನ್ನು ಸೋಲಿಸಿದನು, 1219ರಲ್ಲಿ ತೀರಿಕೊಂಡನು.

ಪುತ್ರರೆಲ್ಲರೂ ವಾರಸುದಾರರಿಲ್ಲದೆ 1245ರೊಳಗೆ ಗತಿಸಿದರು. ಭೂಮಿ ಪುತ್ರಿಯರ ಸಂತತಿಗೆ ಹಂಚಿಹೋಯಿತು. ಒಬ್ಬ ದೊರೆಯ ಕರುಣೆಯಿಂದ ಬದುಕಿದ ಬಾಲಕನು ಬಾಲದೊರೆಯೊಬ್ಬನ ಸಿಂಹಾಸನವನ್ನು ಕಾಪಾಡಿದ ಕೀರ್ತಿ ಮಾತ್ರ ಅಳಿಯದೆ ಉಳಿಯಿತು.